ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುವವರು

ನಗಬಾರದ ಹೊತ್ತಿನಲ್ಲೇ ನಗು ಬರುವ ಪ್ರಸಂಗಗಳು ನಮ್ಮ ವಿಭಾಗದಲ್ಲಿ ನಡೆಯುತ್ತಲೇ ಇರುತ್ತವೆ. ನಾನು ಮೂತ್ರಕೋಶ, ಪ್ರಾಸ್ಟೇಟು ಮತ್ತು ಅದರ ಅಕ್ಕಪಕ್ಕದ ಭಾಗಗಳಿಗೆ ಆಪರೇಶನ್ ಮಾಡುವ ವಿಭಾಗದಲ್ಲಿ ಕಿರಿಯ ಸರ್ಜನ್. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ಕಡೆಯ ಬಸ್ಸುಗಳು ನಮ್ಮ ಆಸ್ಪತ್ರೆಯ ಮುಂದೆ ನಿಲ್ಲುತ್ತವೆ. ಸೇರಿದ ದಿನವೇ ನಮ್ಮ ಸರ್ ಎಚ್ಚರಿಸಿದ್ದರು: "ಇಲ್ಲಿಗೆ ಬರೋರು ಬೆಳೆ ಸುದ್ದಿ, ನೆಂಟರ ಸುದ್ದಿ ಎಲ್ಲಾ ಹೇಳ್ತಾರಮ್ಮ. ಯಾಕೆ ಬಂದಿದ್ದಾರೆ ಅನ್ನೋದೊಂದನ್ನ ಬಿಟ್ಟು. ಅದನ್ನ ನೀನೇ ಕಂಡುಹಿಡೀಬೇಕು."

ಅವರು ಹೇಳದೆ ಉಳಿಸಿದ್ದು ಇನ್ನೊಂದಿತ್ತು. ಬರುವವರಲ್ಲಿ ಮುಕ್ಕಾಲು ಪಾಲು ವಯಸ್ಸಾದ ಗಂಡಸರು, ನಾನು ಹೆಣ್ಣು. ನನ್ನನ್ನು ಕಂಡ ಕೂಡಲೇ ಅವರೆಲ್ಲ ಮೊದಲು ಮಾಡುವ ಕೆಲಸ ಪಂಚೆ ಬಿಗಿಯಾಗಿ ಹಿಡಿದುಕೊಳ್ಳುವುದು. ನನಗಾದರೋ ಮೂಗಿನ ತುದಿಯಲ್ಲೇ ಕೋಪ.

ಬೀಗರ ಊಟ

ಒಂದು ಮಧ್ಯಾಹ್ನ ಎಮರ್ಜೆನ್ಸಿ ಬಾಗಿಲಿಗೆ ಟೆಂಪೋ ಬಂದು ನಿಂತಿತು. ರೇಷ್ಮೆ ಸೀರೆಗಳು, ಮಲ್ಲಿಗೆ ಹೂವು, ಇಸ್ತ್ರಿ ಮಡಿಕೆ ಬಿಡದ ಪಂಚೆಗಳು ಇಳಿದವು. ದಿಬ್ಬಣ ದಾರಿ ತಪ್ಪಿ ಬಂತೇನೋ ಅಂದುಕೊಂಡೆ. ಕೊನೆಗೆ ಇಳಿದವರು ಹೊಟ್ಟೆ ಹಿಡಿದುಕೊಂಡು ಬಾಗಿದ್ದ ಹಿರಿಯರೊಬ್ಬರು. ಮೈಯೆಲ್ಲಾ ಬೆವರು.

"ಏನಾಯ್ತು?" ಅಂದೆ.

"ನಮ್ ಕಡೆಯಿಂದ ಏನೂ ಕಮ್ಮಿ ಮಾಡ್ನಿಲ್ಲ ಕಣವ್ವಾ" ಅಂದರು ಪಕ್ಕದಲ್ಲಿದ್ದ ದೊಡ್ಡ ಮೀಸೆಯ ಯಜಮಾನರು. "ಮರಿ ಕಡ್ಸಿದ್ದೋ, ನಾಟಿ ಕೋಳಿ ಮಾಡ್ಸಿದ್ದೋ."

"ಊಟದ ಸುದ್ದಿ ಆಮೇಲೆ. ಇವರಿಗೇನಾಗಿದೆ?"

"ಊಟದಲ್ಲೇ ಆಗಿದ್ದು ಕಣವ್ವಾ!"

ಎರಡು ಮನೆಯವರ ಜಗಳದ ನಡುವೆ ಹೆಕ್ಕಿ ಹೆಕ್ಕಿ ತಿಳಿದದ್ದಿಷ್ಟು. ಮೀಸೆಯ ಯಜಮಾನರದು ಪಾಂಡವಪುರದ ಕಡೆ ಆಲೆಮನೆ, ಬೆಲ್ಲದ ವ್ಯವಹಾರ. ದೊಡ್ಡ ಮಗನ ಮದುವೆಯಾಗಿ ಆವತ್ತು ಬೀಗರ ಊಟ. ಹೊಟ್ಟೆ ಹಿಡಿದವರು ಸೊಸೆಯ ಅಪ್ಪ, ಶೀಳನೆರೆಯ ರೈತರು. ಪಂಕ್ತಿಯಲ್ಲಿ ಮರಿಯ ಕರುಳಿನ ಬೋಟಿ ಗೊಜ್ಜು ಬರುವ ಹೊತ್ತಿಗೆ ಅವರಿಗೆ ಒಂದಕ್ಕೆ ಅವಸರವಾಗಿದೆ. ಬೀಗರ ಮನೆಯ ಪಂಕ್ತಿಯಿಂದ ಅರ್ಧಕ್ಕೆ ಎದ್ದರೆ ಊಟ ಚೆನ್ನಾಗಿಲ್ಲ ಅಂದ ಹಾಗೆ. ತಡೆದುಕೊಂಡಿದ್ದಾರೆ. ಯಜಮಾನರು ಖುದ್ದಾಗಿ ಇನ್ನೊಂದು ಮುದ್ದೆ ಹಾಕಿದ್ದಾರೆ. ಮರ್ಯಾದೆಗೆ ಅದನ್ನೂ ನುಂಗಿದ್ದಾರೆ. ಕೊನೆಗೂ ಎದ್ದು ಹೋಗಿ ನಿಂತರೆ ಒಂದು ಹನಿ ಬಂದಿಲ್ಲ. ಊದಿದ ಪ್ರಾಸ್ಟೇಟು ಇಂಥ ಹೊತ್ತಿಗೇ ಕಾಯುತ್ತಿರುತ್ತದೆ. ಆಮೇಲೆ ಎರಡೂ ಮನೆಯವರು ಪೈಪೋಟಿಯ ಮೇಲೆ ಬಾರ್ಲಿ ನೀರು, ಎಳನೀರು, ನೀರು ಮಜ್ಜಿಗೆ ಕುಡಿಸಿದ್ದಾರೆ. ತೂಬು ಮುಚ್ಚಿದ ಕೆರೆಗೆ ನಾಲೆ ತಿರುಗಿಸಿದ ಹಾಗೆ.

ಮುಟ್ಟಿ ನೋಡಿದರೆ ಹೊಟ್ಟೆ ಕಲ್ಲಾಗಿತ್ತು. ಕೊಳವೆ ಹಾಕಬೇಕು ಅಂದೆ. ಆ ನೋವಿನಲ್ಲೂ ಅವರು ಪಂಚೆ ಬಿಡಲಿಲ್ಲ. "ಎಣ್ಮಗೀನ ಕೈಲಿ ಬ್ಯಾಡ. ಗಂಡ್ ಡಾಕ್ಟ್ರು ಬರ್ಲಿ."

"ಗಂಡು ಡಾಕ್ಟರು ಆಪರೇಶನ್ನಲ್ಲಿದ್ದಾರೆ. ಕಾಯ್ತೀರಾ?"

ಕಾಯುವ ಸ್ಥಿತಿ ಅದಲ್ಲ. ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಯಾವೂರವ್ವಾ? ಯಾರ ಮಗಳು?"

ಕೈಗವಸು ಹಾಕಿಕೊಳ್ಳುತ್ತಾ ಹೇಳಿದೆ: "ನಾಗಮಂಗಲ. ಅಕ್ಕಸಾಲಿಗರ ಮಗಳು."

"ಅಂಗೋ! ಬುಡು ಬೀಗ, ಪಂಚೆ ಬುಡು. ಮೂಗುತಿ ಮಾಡೋರ ವಂಶ, ಕೈ ಸೂಕ್ಷ್ಮ ಇರ್ತದೆ."

ಪಂಚೆ ಸಡಿಲವಾಯಿತು. ಕೊಳವೆ ಸಲೀಸಾಗಿ ಹೋಯಿತು. ಚೀಲ ತುಂಬುತ್ತಾ ಬಂದ ಹಾಗೆ ಅವರ ಮುಖ ಅರಳಿತು. ಕಣ್ಣಲ್ಲಿ ನೀರು ಬಂತು. ಬೀಗರ ಕೈ ಹಿಡಿದುಕೊಂಡು ಮೊದಲ ಮಾತಾಡಿದರು: "ಬೋಟಿ ಬಲೇ ಚೆನ್ನಾಗಿತ್ತು ಕಣಯ್ಯಾ. ಉಳ್ದಿದ್ರೆ ಒಸಿ ಎತ್ತಿಕ್ಸು."

ಬಣ್ಣ

ಎಲ್ಲರೂ ನಗುತ್ತಿದ್ದರು. ಯಜಮಾನರು ಮಾತ್ರ ಮಂಚಕ್ಕೆ ನೇತುಹಾಕಿದ್ದ ಮೂತ್ರದ ಚೀಲವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಆಸೆಪಟ್ಟವರಂತೆ ಅಂದರು: "ಬಣ್ಣ ಏನ್ ಚೆಂದಾಗದೆ ಬೀಗ ನಿಂದು."

ನನ್ನ ಕಿವಿ ನೆಟ್ಟಗಾಯಿತು. ಮೂತ್ರದ ಬಣ್ಣ ನೋಡಿ ಹೊಟ್ಟೆಕಿಚ್ಚುಪಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ: "ನಿಮ್ಮದು ಹೇಗಿರುತ್ತೆ?"

"ಒಸಿ ಕೆಂಪು."

"ಯಾವಾಗಿನಿಂದ?"

"ಗೌರಿ ಹಬ್ಬದಿಂದ. ಒಂದಪ ಬತ್ತದೆ, ಒಂದಪ ನಿಂತೋಯ್ತದೆ. ಉಷ್ಣ ಕಣವ್ವಾ. ಬೆಲ್ಲದ ಕೊಪ್ಪರಿಗೆ ಮುಂದ್ಲ ಕೆಲ್ಸ ನೋಡಿ. ನೆತ್ತಿಗೆ ಅರಳೆಣ್ಣೆ ಮಡ್ಗ್ತಾವ್ನಿ."

"ನೋವಿದೆಯಾ?"

"ನೋವೆಲ್ಲಾದೆ? ಒಂಚೂರೂ ಇಲ್ಲ. ಅದುಕ್ಕೇ ಸುಮ್ಕಿವ್ನಿ."

ಅವರು ಸಮಾಧಾನಕ್ಕೆಂದು ಹೇಳಿದ ಆ ಮಾತೇ ನನ್ನ ಎದೆ ಝಲ್ಲೆನ್ನಿಸಿತು. ನೋವಿದ್ದರೆ ಕಲ್ಲೋ, ಸೋಂಕೋ ಇರಬಹುದು. ಯಜಮಾನರ ಜೇಬಿನಲ್ಲಿ ಬೀಡಿ ಕಟ್ಟು ಇಣುಕುತ್ತಿತ್ತು. ಬೀಡಿ ಸೇದುವ ವಯಸ್ಸಾದ ಗಂಡಸಿಗೆ ನೋವಿಲ್ಲದೆ ರಕ್ತ ಹೋದರೆ ನಾವು ಮೊದಲು ಹುಡುಕುವುದು ಕ್ಯಾನ್ಸರನ್ನು. ಆವತ್ತೇ ಸ್ಕ್ಯಾನ್ ಮಾಡಿಸಿದೆ. ಮೂತ್ರಕೋಶದ ಒಳಗೋಡೆಗೆ ಒಂದು ಗಡ್ಡೆ ಅಂಟಿಕೊಂಡಿತ್ತು. ಸರ್ ನೋಡಿ, "ಮೇಲ್ಮೇಲೆ ಇದ್ದರೆ ತೆಗೆದುಬಿಡಬಹುದು. ಬೇರು ಇಳಿಯೋಕೆ ಬಿಡಬಾರದು. ಬೇಗ ಡೇಟ್ ಕೊಡು" ಅಂದರು. ಆ ಕ್ಷಣದಿಂದ ಯಜಮಾನರ ಜೀವ ನನ್ನ ತಲೆಯ ಮೇಲೆ ಬಂದು ಕೂತಿತು. ಊಟ ಮಾಡುವಾಗಲೂ ಅದೇ ಯೋಚನೆ.

ಡೇಟು ಕೊಟ್ಟು ಹೊರಗೆ ಬಂದರೆ ಅವರ ಹೆಂಡತಿ ಔಷಧಿ ಅಂಗಡಿಯ ಹತ್ತಿರ ನನ್ನನ್ನು ತಡೆದು ಕಣ್ಣೀರಿಟ್ಟರು: "ಅದೇ ಅಂತ ನಂಗೆ ಗೊತ್ತಾಯ್ತು ತಾಯಿ. ನಮ್ಮನೆಯೋರ್ಗೆ ಮಾತ್ರ ಯೋಳ್ಬೇಡಿ, ಎದೆ ಒಡ್ಕತರೆ." ಮೆಟ್ಟಿಲ ಹತ್ತಿರ ದೊಡ್ಡ ಮಗ ಸಿಕ್ಕಿದ: "ಮೇಡಂ, ಅದೇ ಅಲ್ವಾ? ಅವ್ವಂಗೆ ಗೊತ್ತಾಗಂಗಿಲ್ಲ, ಬಿದ್ದೋಯ್ತಳೆ." ಕೊನೆಗೆ ಯಜಮಾನರು ನನ್ನ ಕೋಣೆಗೇ ಬಂದು ಬಾಗಿಲು ಹಾಕಿಕೊಂಡರು: "ಅದು ಏನು ಅಂತ ನಂಗೊತ್ತು ಕಣವ್ವಾ. ಮನೆಯೋರ್ಗೆ ಗೊತ್ತಾಗ್ದಂಗೆ ನೋಡ್ಕಳಿ."

ಕ್ಯಾನ್ಸರ್ ಅನ್ನುವ ಶಬ್ದವನ್ನು ಮೂವರಲ್ಲಿ ಒಬ್ಬರೂ ಎತ್ತಲಿಲ್ಲ. 'ಅದು', ಅಷ್ಟೇ. ಸ್ವಲ್ಪ ಹೊತ್ತಿಗೆ ಮೂವರೂ ವರಾಂಡದಲ್ಲಿ ಒಟ್ಟಿಗೆ ಎದುರಾದರು. ಒಬ್ಬರ ಬೆನ್ನ ಹಿಂದಿನಿಂದ ಒಬ್ಬರು ನನಗೆ ಕಣ್ಸನ್ನೆ ಮಾಡಿದರು. ನಾನು ಮೂವರಿಗೂ ಒಂದೊಂದು ಸಲ ಕಣ್ಣು ಮಿಟುಕಿಸಿ ಒಪ್ಪಿಗೆ ಕೊಟ್ಟೆ. ದೂರದಿಂದ ನೋಡುತ್ತಿದ್ದ ನಮ್ಮ ಹಿರಿಯ ಸಿಸ್ಟರ್ ಏನೂ ಕೇಳದೆ ಬಂದು ನನ್ನ ಕೈಗೆ ಕಣ್ಣಿನ ಡ್ರಾಪ್ಸ್ ಇಟ್ಟು ಹೋದರು.

ಹೊಟ್ಟೆನೋವು

ಕೊಟ್ಟ ದಿನಕ್ಕೆ ಯಜಮಾನರು ಬರಲಿಲ್ಲ. ಫೋನು ಮಾಡಿದರೆ ಮಗ, "ಅಪ್ಪ ಆಸ್ಪತ್ರೆ ಕಡೆ ತಲೆನೇ ಹಾಕಲ್ಲ ಅಂತಾವ್ರೆ ಮೇಡಂ" ಅಂದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಆ ಸಿಟ್ಟಿನಲ್ಲಿ ಕುದಿಯುತ್ತಿದ್ದ ಬೆಳಿಗ್ಗೆಯೇ ನಾಗಮಂಗಲದ ಕಡೆಯ ಹುಡುಗನೊಬ್ಬನನ್ನು ಕರೆತಂದರು. ಹಾಲಿನ ಡೈರಿಯಲ್ಲಿ ಕೆಲಸ, ವಯಸ್ಸು ಇಪ್ಪತ್ತು ದಾಟಿತ್ತು. ಜೊತೆಯಲ್ಲಿ ಅವನ ತಾಯಿ.

"ಹೊಟ್ಟೆನೋವು" ಅಂದ ಹುಡುಗ.

ಹೊಟ್ಟೆ ಒತ್ತಿದೆ. ಮೆತ್ತಗಿತ್ತು. "ಇಲ್ಲಿಯಾ?" ಅಂದರೆ "ಒಸಿ ಕೆಳಿಕ್ಕೆ." "ಇಲ್ಲಿಯಾ?" "ಇನ್ನೊಸಿ ಕೆಳಿಕ್ಕೆ." ಪ್ಯಾಂಟಿನ ಬೆಲ್ಟಿನ ಹತ್ತಿರ ಬಂದ ಕೂಡಲೇ "ಅಲ್ಲೇ ಬುಡಿ ಮೇಡಂ, ಸಾಕು" ಎಂದು ಗೋಡೆಗೆ ತಿರುಗಿಕೊಂಡ. ತಾಯಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಆದರೂ ಹೊಟ್ಟೆನೋವೇ. ವಾಂತಿ ಬೇರೆ ಆಗಿತ್ತು.

ನನಗೆ ಅನುಮಾನ ಬಂದಾಗಿತ್ತು. ಬೀಜಕ್ಕೆ ರಕ್ತ ಒಯ್ಯುವ ನಾಳ ತಿರುಚಿಕೊಂಡರೆ ಹೀಗಾಗುತ್ತದೆ. ಕೆಲವೇ ಗಂಟೆಗಳಲ್ಲಿ ಬಿಡಿಸದಿದ್ದರೆ ಬೀಜ ಸತ್ತುಹೋಗುತ್ತದೆ. ನೋವು ಶುರುವಾದದ್ದು ಬೆಳಗಿನ ಹಾಲು ಹಾಕುವ ಹೊತ್ತಿಗೆ, ಆಗಲೇ ಎಷ್ಟೋ ಹೊತ್ತು ಕಳೆದಿತ್ತು. ಇವನು ನಾಚಿಕೊಂಡು ಗೋಡೆ ನೋಡುತ್ತಿದ್ದಾನೆ! ನನ್ನೊಳಗಿನ ಡಾಕ್ಟರು ಓಡಿಹೋಗಿ ನಾಗಮಂಗಲದ ಅಕ್ಕ ಎದ್ದು ಬಂದಳು.

"ಲೇ, ಬಿಚ್ಚಲಾ ಪ್ಯಾಂಟು! ನಾಳಿಕ್ಕೆ ಮದ್ವೆ ಆಗ್ಬೇಕೋ ಬೇಡ್ವೋ?"

ತಟ್ಟನೆ ಬಿಚ್ಚಿದ. ಅನುಮಾನ ನಿಜವಾಗಿತ್ತು. ಸರ್‌ಗೆ ಫೋನು ಮಾಡಿದೆ. "ಥಿಯೇಟರ್‌ಗೆ ತಗೊಂಡು ಶುರು ಮಾಡು, ಬರ್ತಿದ್ದೀನಿ" ಅಂದರು. ತೆರೆದು ನೋಡಿದಾಗ ಬೀಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಿರುಚು ಬಿಡಿಸಿ, ಬೆಚ್ಚಗಿನ ಬಟ್ಟೆ ಸುತ್ತಿ ಕಾದೆ. ಮೆಲ್ಲಗೆ, ತೀರಾ ಮೆಲ್ಲಗೆ, ಗುಲಾಬಿ ಬಣ್ಣ ಮರಳಿತು. ಅಷ್ಟರಲ್ಲಿ ಬಂದು ನನ್ನ ಹಿಂದೆ ನಿಂತಿದ್ದ ಸರ್ "ಹ್ಞೂಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮಾರನೇ ದಿನ ಹುಡುಗ ನನಗೆ ಕೈ ಮುಗಿದು ಬೇಡಿಕೊಂಡ: "ಅವ್ವಂಗೆ ಅಪೆಂಡಿಕ್ಸ್ ಅಂತ ಯೋಳಿವ್ನಿ ಮೇಡಂ." ಅವನ ವಿಷಯ, ಅವನಿಷ್ಟ. ಸುಮ್ಮನಾದೆ. ತಾಯಿ ಮಗನ ಅಂಗಿ ಎತ್ತಿ ಹೊಟ್ಟೆಯನ್ನು ಅತ್ತಿಂದಿತ್ತ ಸವರಿ, ಬೆರಗಾಗಿ ನನ್ನ ಹತ್ತಿರ ಬಂದರು.

"ಒಂದ್ ಗೆರೆ ಗಾಯ ಇಲ್ವಲ್ಲವ್ವಾ! ಏನ್ ಕೈಗುಣ!"

ಆ ವಾರವೇ ಅವರ ಕೇರಿಯಿಂದ ಇಬ್ಬರು ಹೊಟ್ಟೆನೋವಿನವರು ಬಂದು, ಗಾಯವಿಲ್ಲದೆ ಅಪೆಂಡಿಕ್ಸ್ ತೆಗೆಯುವ ಮೇಡಂ ಎಲ್ಲಿ ಎಂದು ವಿಚಾರಿಸಿದರು.

ಎಡಗಡೆ ಹೂವು

ಯಜಮಾನರು ಕೊನೆಗೂ ಬಂದರು. ಬಂದದ್ದಲ್ಲ, ಹೊತ್ತು ತಂದರು. ಭಾನುವಾರ ಬೆಳಿಗ್ಗೆ, ಮುಖ ಬಿಳುಚಿಕೊಂಡು, ಮೀಸೆ ಇಳಿಬಿದ್ದು. ಗಡ್ಡೆಯಿಂದ ರಕ್ತ ಸುರಿದು ಮೂತ್ರಕೋಶದೊಳಗೇ ಹೆಪ್ಪುಗಟ್ಟಿತ್ತು. ದಾರಿ ಪೂರಾ ಬಂದ್. ಈ ಸಲ ಪಂಚೆ ಹಿಡಿದುಕೊಳ್ಳುವ ಶಕ್ತಿಯೂ ಅವರಿಗಿರಲಿಲ್ಲ.

ದಪ್ಪ ಕೊಳವೆ ಹಾಕಿ, ದೊಡ್ಡ ಸಿರಿಂಜಿನಲ್ಲಿ ನೀರು ತಳ್ಳಿ ಎಳೆದೆ. ಹೆಪ್ಪು ಬಂತು. ಮತ್ತೆ ತಳ್ಳಿದೆ, ಮತ್ತೆ ಬಂತು. ಸಿಸ್ಟರ್ ರಕ್ತದ ಬಾಟಲಿ ಏರಿಸಿದರು. ಬಿ.ಪಿ. ಇಳಿಯುತ್ತಿತ್ತು. ಇವರು ನನ್ನ ಕೈಯಲ್ಲೇ ಹೋಗಿಬಿಡುತ್ತಾರೆ ಅಂತ ನಿಜವಾಗಿಯೂ ಹೆದರಿದೆ. ಎಷ್ಟೋ ಹೊತ್ತಿನ ಮೇಲೆ ಕೊಳವೆಯಲ್ಲಿ ತೆಳು ಗುಲಾಬಿ ನೀರು ಹರಿಯಿತು. ಅವರು ಕಣ್ಣು ಬಿಟ್ಟರು.

ಸರ್ ನೋಡಿ ಹೇಳಿದರು: "ಸ್ವಲ್ಪ ಚೇತರಿಸಿಕೊಳ್ಳಲಿ. ಸಂಜೆಯೊಳಗೆ ಗಡ್ಡೆ ತೆಗೆಯಬೇಕು. ಇನ್ನೊಂದು ಸಲ ಹೀಗಾದರೆ ಉಳಿಯಲ್ಲ."

ಯಜಮಾನರು ತಲೆ ಅಲ್ಲಾಡಿಸಿದರು. "ಆಪ್ರೇಸನ್ ಬ್ಯಾಡ."

"ಯಾಕೆ?"

"ದೇವ್ರು ಬ್ಯಾಡ ಅಂದದೆ. ಊವು ಕೇಳ್ಸಿದ್ದೆ. ಎಡಕ್ಕೆ ಬಿತ್ತು."

ಆಗ ಗೊತ್ತಾಯಿತು ಡೇಟು ತಪ್ಪಿಸಿದ್ದು ಯಾಕೆಂದು. ನಮ್ಮ ಕಡೆ ಮದುವೆಯಾಗಲಿ, ಬೋರ್‌ವೆಲ್ ಆಗಲಿ, ದೇವರ ಮುಂದೆ ಪ್ರಶ್ನೆ ಇಟ್ಟು ಕಾಯುತ್ತಾರೆ. ವಿಗ್ರಹದ ಬಲಗಡೆಯಿಂದ ಹೂವು ಬಿದ್ದರೆ ಆಗುತ್ತದೆ, ಎಡಗಡೆಯಿಂದ ಬಿದ್ದರೆ ಇಲ್ಲ. ನಮ್ಮಪ್ಪನೂ ಕೇಳಿಸುತ್ತಾರೆ, ನನ್ನ ಮೆಡಿಕಲ್ ಸೀಟಿಗೂ ಕೇಳಿಸಿದ್ದರು. ಹಾಗಾಗಿ ದೇವರ ಜೊತೆ ವಾದಕ್ಕಿಳಿಯುವ ಧೈರ್ಯ ನನಗಿರಲಿಲ್ಲ. ಹೆಂಡತಿ ಅಳುತ್ತಿದ್ದರು. ಮಗ ಗೋಡೆಗೆ ಒರಗಿದ್ದ. ಕೊಳವೆಯ ಬಣ್ಣ ಮತ್ತೆ ಕೆಂಪಾಗತೊಡಗಿತ್ತು.

ಬೇರೆ ದಾರಿ ತೋಚದೆ, ರೋಗಿಯ ವಿವರ ಕೇಳುವ ಹಾಗೆ ಕೇಳಿದೆ: "ದೇವರನ್ನ ಏನಂತ ಕೇಳಿದ್ರಿ? ಸರಿಯಾಗಿ ಹೇಳಿ."

"ಇನ್ನೇನಂತ ಕೇಳಾನ? 'ತಾಯಿ, ಆಪ್ರೇಸನ್ ಇಲ್ದಲೇ ನಂಗೆ ವಾಸಿ ಆಯ್ತದಾ?' ಅಂತ ಕೇಳ್ದೆ. ಎಡಕ್ಕೆ ಕೊಟ್ಟುಬುಡ್ತು. ಎಡಕ್ಕೆ ಬಿದ್ಮೇಲೆ ಆ ಕೆಲ್ಸಕ್ಕೆ ಕೈ ಆಕಂಗಿಲ್ಲ."

ನಾನು ಮಂಚದ ಹತ್ತಿರಕ್ಕೆ ಸರಿದೆ.

"ಯಜಮಾನ್ರೇ, ಆಪರೇಶನ್ ಇಲ್ಲದೆ ವಾಸಿ ಆಗುತ್ತಾ ಅಂದ್ರಿ. ದೇವರು ಇಲ್ಲ ಅಂತು. ಅಂದ್ರೆ ಏನು?"

ಅವರು ಸೂರು ನೋಡಿದರು. ತುಟಿ ಅಲುಗಿತು. ಮನಸ್ಸಿನಲ್ಲೇ ಪ್ರಶ್ನೆಯನ್ನು ಇನ್ನೊಮ್ಮೆ ಇಟ್ಟು, ಹೂವನ್ನು ಇನ್ನೊಮ್ಮೆ ಬೀಳಿಸಿಕೊಂಡರು ಅಂತ ಕಾಣುತ್ತದೆ. ಕೊನೆಗೆ ನನ್ನ ಕಡೆ ತಿರುಗಿ, ಮೋಸಹೋದವರ ದನಿಯಲ್ಲಿ ಅಂದರು:

"ಅಂಗಾರೆ ದೇವ್ರೂ ನಿಮ್ ಪಾರ್ಟಿನೇಯಾ?"

ಊರಿಗೆ ಏನಂತ ಹೇಳೋದು

ಸರ್ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಲ್ಲಿ ಇಳಿಸಿದ ದುರ್ಬೀನಿನ ಮೂಲಕವೇ ಕೆರೆದು ತೆಗೆದರು. ಬಯಾಪ್ಸಿ ಬರುವವರೆಗೆ ನನಗೆ ನೆಮ್ಮದಿಯಿಲ್ಲ. ಬಂತು: ಕ್ಯಾನ್ಸರೇ. ಆದರೆ ಒಳಪದರದಲ್ಲೇ ಇತ್ತು, ಸ್ನಾಯುವಿಗೆ ಇಳಿದಿರಲಿಲ್ಲ. ಪೂರ್ತಿ ತೆಗೆದಾಗಿತ್ತು.

"ನೀನೇ ಹೇಳು" ಅಂದರು ಸರ್.

ಈ ಸಲ ನಾನು ಕಣ್ಣು ಮಿಟುಕಿಸಲಿಲ್ಲ. ಯಜಮಾನರ ಒಪ್ಪಿಗೆ ಪಡೆದು, ಹೆಂಡತಿ ಮಗ ಇಬ್ಬರನ್ನೂ ಕೂರಿಸಿ ಆ ಶಬ್ದವನ್ನು ಬಾಯಿಬಿಟ್ಟು ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ, ಹಾಳಾದ್ದು, ನನಗೇ ಅಳು ಬಂತು. ಯಜಮಾನರು ಎದ್ದು ಬಂದು ನನ್ನ ತಲೆ ಸವರಿದರು. "ಮೊದುಲ್ನೇ ದಪನಾ ಯೋಳ್ತಿರಾದು? ಪರ್ವಾಗಿಲ್ಲ ಬುಡವ್ವಾ, ಚೆನ್ನಾಗೇ ಯೋಳುದ್ರಿ."

"ಒಂದು ಮಾತು ಉಳಿದಿದೆ" ಅಂದೆ. "ಈ ಗಡ್ಡೆ ಮತ್ತೆ ಮತ್ತೆ ಬರೋ ಜಾತಿ. ಮೂರು ತಿಂಗಳಿಗೊಮ್ಮೆ ಬಂದು ದುರ್ಬೀನು ಹಾಕಿಸಿಕೊಂಡು ನೋಡಿಸಲೇಬೇಕು. ಬೇಗ ಕಂಡರೆ ತೆಗೆದುಬಿಡ್ತೀವಿ. ಬರದೆ ಕೂತರೆ ಈ ಸಲದ ಅದೃಷ್ಟ ಮುಂದಿನ ಸಲ ಇರಲ್ಲ."

ಮೂವರೂ ಮುಖ ಮುಖ ನೋಡಿಕೊಂಡರು. ರೋಗಕ್ಕಿಂತ ದೊಡ್ಡ ಚಿಂತೆ ಈಗ ಶುರುವಾಯಿತು. ಚಿಕ್ಕ ಮಗನಿಗೆ ಹೆಣ್ಣು ನೋಡುತ್ತಿದ್ದರು. 'ಅದು' ಇರುವ ಮನೆ ಅಂತ ಸುದ್ದಿಯಾದರೆ ಯಾರು ಹೆಣ್ಣು ಕೊಡುತ್ತಾರೆ? ಯಜಮಾನರು ಕೇಳಿದರು: "ಮೂರ್ ತಿಂಗ್ಳಿಗೊಂದಪ ಆಸ್ಪತ್ರೆಗೆ ಓದ್ರೆ ಊರಲ್ಲಿ ಏನಂತ ಯೋಳಾನ?"

"ಏನಾದರೂ ಹೇಳ್ಕೊಳ್ಳಿ. ಬರೋದು ಮಾತ್ರ ತಪ್ಪಿಸಬೇಡಿ" ಅಂದೆ. ಹೆಪ್ಪು ಎಳೆದ ಆ ಭಾನುವಾರ ನನ್ನ ಕಣ್ಣ ಮುಂದೆಯೇ ಇತ್ತು.

ಮೂರು ತಿಂಗಳಾದ ಮೇಲೆ ನಾನು ಬೆಳಿಗ್ಗೆಯಿಂದ ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಬಂದರು! ಮೀಸೆ ತಿರುವಿಕೊಂಡು, ಇಸ್ತ್ರಿ ಪಂಚೆ ಉಟ್ಟು. ಮೂತ್ರಕೋಶ ಕನ್ನಡಿಯಂತಿತ್ತು. ಊರಿಗೆ ಏನು ಹೇಳಿದ್ದೀರಿ ಅಂತ ಕೇಳಿದೆ. "ಏನೋ ಒಂದ್ ಯೋಳಿವ್ನಿ ಬುಡಿ" ಎಂದು ಮಾತು ತೇಲಿಸಿದರು.

ಎರಡನೇ ಸಲವೂ ಬಂದರು. ಅವರನ್ನು ಪರೀಕ್ಷೆ ಮಾಡಿ ಕಳಿಸಿ, ಓಪಿಡಿಯಲ್ಲಿ ಕೂತಿದ್ದೆ. ಅವರ ಊರಿನ ಹೆಂಗಸರ ಒಂದು ಗುಂಪು ಒಳಗೆ ಬಂತು. ಗಂಜಾಂನ ನಿಮಿಷಾಂಬ ಗುಡಿಗೆ ಹೋಗಿ ಬರುತ್ತಿದ್ದರು. ಹಿರಿಯಾಕೆಯೊಬ್ಬರು ನನ್ನ ಹಣೆಗೆ ಕುಂಕುಮ ಇಟ್ಟರು, ಗಲ್ಲ ಹಿಡಿದರು, ಕಣ್ಣು ತುಂಬಿಕೊಂಡರು.

"ಇಷ್ಟ್ ಚಿಕ್ಕ ವಯ್ಸಿಗೆ ಯಾಕವ್ವಾ ನಿಂಗೆ ಇಂಗಾಯ್ತು!"

"ನನಗಾ? ಏನಾಯ್ತು?"

"ಮುಚ್ಚಿಡ್ಬ್ಯಾಡ ಮಗ. ಯಜಮಾನ್ರು ಎಲ್ಲಾ ಯೋಳವ್ರೆ. ನಿಂಗೆ ಅದು ಬಂದದಂತಲ್ಲ. ತನ್ ಜೀವ ಉಳ್ಸಿದ ಎಣ್ಮಗ ಅಂತ ಮೂರ್ ತಿಂಗ್ಳಿಗೊಂದಪ ಬಂದು ನೋಡ್ಕಂಡು, ಧೈರ್ಯ ಯೋಳ್ಬುಟ್ಟು ಬತ್ತಾವ್ರೆ. ಅದುಕ್ಕೇ ನಾವೂ ಅಮ್ಮನ ತಾವ ಅರಕೆ ಕಟ್ಕಂಡು ಬಂದೋ."

ನನಗೆ ರಕ್ತ ನೆತ್ತಿಗೇರಿತು. ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಹೊರಗೆ, ಔಷಧಿ ತರಲು ಹೋಗಿದ್ದ ಯಜಮಾನರು ಕಂಡರು. ಹೆಂಗಸರ ತಲೆಗಳ ಮೇಲಿಂದ ನನಗೆ ಎರಡೂ ಕೈ ಮುಗಿದು ನಿಂತಿದ್ದರು. ಮೀಸೆ ಅದುರುತ್ತಿತ್ತು. ನಾನು ಒಂದು ಮಾತು ಬಿಟ್ಟರೆ ಈ ಮನುಷ್ಯ ಇನ್ನು ಈ ಕಡೆ ಕಾಲಿಡುವುದಿಲ್ಲ ಅಂತ ನನಗೆ ಖಾತ್ರಿಯಾಗಿ ಗೊತ್ತಿತ್ತು.

ಬಾಯಿ ಮುಚ್ಚಿಕೊಂಡೆ. ಮೇಜು ಹಿಡಿದುಕೊಂಡು, ಆದಷ್ಟು ಸಣ್ಣಗೆ ಕೆಮ್ಮಿದೆ. "ಈಗ ಒಸಿ ವಾಸಿ ಕಣಮ್ಮಾ" ಅಂದೆ. "ನಿಮ್ಮ ಯಜಮಾನ್ರನ್ನ ಮಾತ್ರ ತಪ್ಪಿಸದೆ ಕಳಿಸ್ತಾ ಇರಿ. ಅವರು ಬಂದು ಮುಖ ತೋರಿಸಿ ಹೋದರೇ ನನಗೆ ಜೀವ ಬರೋದು."

ಮುಂದಿನ ಸರದಿಗೆ ಯಜಮಾನರು ಹೇಳಿದ ದಿನಕ್ಕಿಂತ ಒಂದು ದಿನ ಮುಂಚೆಯೇ ಬಂದಿಳಿದರು. ಬಟ್ಟೆಯ ತುಂಬಾ ಕಬ್ಬಿನ ರವದಿಯ ಒಣಗರಿ, ಕೆನ್ನೆಯ ಮೇಲೆ ಬೆಲ್ಲದ ಕಲೆ. ಉಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದರು.

"ಎಂಥ ಕೆಲ್ಸ ಮಾಡ್ಬುಟ್ರವ್ವಾ! ಆಲೆಮನೆ ಓಡ್ತಾದೆ, ಕೊಪ್ಪರಿಗೆ ಒಲೆ ಮ್ಯಾಲದೆ, ಈ ದಪ ಬ್ಯಾಡ ಅಂದ್ಕಂಡಿದ್ದೆ. ಊರೋರು ಬುಡ್ನಿಲ್ಲ. 'ನೀನ್ ಓಗ್ನಿಲ್ಲ ಅಂದ್ರೆ ಆ ಎಣ್ಮಗ ಸತ್ತೋಯ್ತದೆ ಕಣ್ಲಾ' ಅಂತ ಇದ್ದಂಗೇ ಎತ್ತಾಕಂಡೋಗಿ ಬಸ್ಸಿಗೆ ಆಕ್ಬುಟ್ರು!"